ಅತ್ತೆಗೊಂದು ಕಾಲ, ನೀರಿಗೊಂದು ಕಾಲ

ಸೂಜಿಯಮ್ಮ ತಾನೂ ನೀರಿಗಿಳಿಯುತ್ತೇನೆ ಅಂದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಾಕಿಯಾಗಿ ಬಂದಿದ್ದ ಪುಸ್ತಕದಂಗಡಿಯವರು ಮರ್ಯಾದೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೊಸೆ ಮಾತ್ರ ನಗಲಿಲ್ಲ. ಅತ್ತೆಯನ್ನು ಹೆಗಲಿಂದ ಸೊಂಟದವರೆಗೆ ಕಣ್ಣಲ್ಲೇ ಅಳೆದು, "ಮೀಡಿಯಂ ಸೈಜು ಸಾಕಾಗುತ್ತೆ," ಅಂದಳು.

ಅದು ಜೆಟ್ಟಿಯ ಎದುರಿಗಿದ್ದ ಡೈವಿಂಗ್ ಅಂಗಡಿ. ಮುಂದಿನ ಕೋಣೆಯಲ್ಲಿ ಕಪ್ಪು ರಬ್ಬರ್ ಸೂಟುಗಳು ತಲೆಯಿಲ್ಲದ ಮನುಷ್ಯರ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಪಕ್ಕದ ಶೆಡ್ಡಿನಲ್ಲಿ ಮಗ ಕಂಪ್ರೆಸರ್ ಓಡಿಸಿ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದ. ಜನರನ್ನು ನೀರಿಗಿಳಿಸಿ ಕಲಿಸುವ ಕೆಲಸ ಸೊಸೆಯದು. ಹಿಂದಿನ ಸಣ್ಣ ಕೋಣೆ ಸೂಜಿಯಮ್ಮನದು. ಅಲ್ಲಿ ಒಂದು ಹೊಲಿಗೆ ಮಷೀನು, ಅಂಟಿನ ಡಬ್ಬಗಳು, ಬಾಗಿದ ಸೂಜಿಗಳ ಪೆಟ್ಟಿಗೆ. ಮಂಡಿ ಹರಿದ ಸೂಟು, ಜಿಪ್ಪು ಕಿತ್ತ ಸೂಟು, ಯಜಮಾನರ ಹೊಟ್ಟೆ ಬೆಳೆದು ಬಿಗಿಯಾದ ಸೂಟು, ಎಲ್ಲವೂ ಅವಳ ಮೇಜಿಗೇ ಬರಬೇಕು. ರಬ್ಬರನ್ನು ಅರ್ಧ ದಪ್ಪಕ್ಕಷ್ಟೇ ಚುಚ್ಚಿ ಹೊಲಿಯಬೇಕು, ಸೂಜಿ ಆಚೆ ಬದಿಗೆ ಹೊರಟರೆ ಆ ತೂತಿನಿಂದಲೇ ನೀರು ಒಳಗೆ. ಆ ಕೈಚಳಕಕ್ಕೇ ಅವಳಿಗೆ ಸೂಜಿಯಮ್ಮ ಅನ್ನುವ ಹೆಸರು ಬಿದ್ದದ್ದು. ಅರವತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆದವಳಲ್ಲ.

ಬಂದವರೆಲ್ಲ ಒದ್ದೆ ತಲೆಯಲ್ಲೇ ಆ ಕೋಣೆಯ ಬಾಗಿಲಿಗೆ ಒರಗಿಕೊಂಡು ನೀರಿನಡಿಯ ಲಾಂಚಿನ ಸುದ್ದಿ ಹೇಳುತ್ತಿದ್ದರು. ಹೊಳೆಯ ಆಚೆ ದಡಕ್ಕೆ ಸೇತುವೆ ಆದ ಮೇಲೆ, ಜನರನ್ನು ದಾಟಿಸುವ ಕೆಲಸವಿಲ್ಲದೆ ನಿಂತ ಹಳೇ ಲಾಂಚದು. ಇಂಜಿನು ಬಿಚ್ಚಿ, ಎಣ್ಣೆಯೆಲ್ಲ ತೊಳೆದು, ಮೀನುಗಳಿಗೆ ಮನೆಯಾಗಲಿ, ಡೈವರುಗಳಿಗೆ ನೋಡಲು ಏನಾದರೂ ಇರಲಿ ಅಂತ ಅದನ್ನು ಸಮುದ್ರದಲ್ಲಿ ಮುಳುಗಿಸಿದ್ದರು. ಸೂಜಿಯಮ್ಮ ಹುಡುಗಿಯಾಗಿದ್ದಾಗ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದದ್ದು ಆ ಲಾಂಚಿನಲ್ಲೇ.

ಅವತ್ತು ಪುಸ್ತಕದಂಗಡಿಯವರು ತೋಳು ಹರಿದ ಸೂಟು ಹಿಡಿದು ಬಂದಿದ್ದರು. "ಎಷ್ಟು ವರ್ಷದಿಂದ ಇಳೀತಿದೀನಿ ಸೂಜಿಯಮ್ಮ. ಒಂದು ದಿನವಾದ್ರೂ ಲಾಂಚನ್ನ ಈ ತುದಿಯಿಂದ ಆ ತುದಿವರೆಗೆ ಪೂರ್ತಿ ನೋಡಿಲ್ಲ. ಇವತ್ತು ಮೂತಿ, ನಾಳೆ ಬಾಲ. ಕುರುಡರು ಆನೆ ಮುಟ್ಟಿ ನೋಡಿದ ಹಾಗೆ ನಮ್ಮ ಬಾಳು."

"ನಾನು ಪೂರ್ತಿ ನೋಡಿದೀನಿ, ನೀರಿನ ಮೇಲಿದ್ದಾಗ," ಅಂದಳು ಸೂಜಿಯಮ್ಮ ತಲೆಯೆತ್ತದೆ. "ಕೆಳಗೂ ಒಂದ್ಸಲ ನೋಡ್ಬೇಕು. ನಾನೂ ಇಳೀತೀನಿ."

ನಗು ಬಂದದ್ದು ಆಗಲೇ.

"ಅಮ್ಮಾ, ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳಿಲ್ಲ ದೊಡ್ಡವರು," ಅಂದ ಮಗ.

"ಅರಳೋದು ಮೊದಲಾಗ್ಲಿ ಕಣೋ, ಮರಳೋದು ಆಮೇಲೆ ನೋಡ್ಕೊಳ್ಳೋಣ."

ಡಾಕ್ಟರು ಎದೆ, ಕಿವಿ, ರಕ್ತದೊತ್ತಡ ಎಲ್ಲ ನೋಡಿ, "ನಿಮ್ಮ ಮಗನಿಗಿಂತ ನೀವೇ ಗಟ್ಟಿ," ಅಂತ ಸಹಿ ಹಾಕಿದರು. ಮಗನಿಗೆ ಇನ್ನು ಬೇರೆ ನೆಪ ಉಳಿಯಲಿಲ್ಲ.

ಪಾಠ ಮೊದಲು ಈಜುಕೊಳದಲ್ಲಿ. ಅಲ್ಲಿ ಸೂಜಿಯಮ್ಮ ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡು ತಳದಲ್ಲಿ ಕೂತಳು, ಮಾಸ್ಕಿಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಗೆ ಹಾಕಿದಳು. ಇದೇನು ಮಹಾ ಅನ್ನಿಸಿ ಖುಷಿಯಾಗಿ ಸೊಸೆಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಸೊಸೆ ತಕ್ಷಣ ಅವಳ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಬಂದಳು.

"ಯಾಕೇ ಎಳ್ಕೊಂಡು ಬಂದೆ? ಎಷ್ಟು ಚೆನ್ನಾಗಿತ್ತು!"

"ನೀವೇ ಹೆಬ್ಬೆರಳು ಎತ್ತಿದ್ರಲ್ಲ ಅತ್ತೆ? ನೀರೊಳಗೆ ಅದಕ್ಕೆ ಮೇಲೆ ಹೋಗೋಣ ಅಂತ ಅರ್ಥ. ಚೆನ್ನಾಗಿದೆ ಅನ್ನೋಕೆ ಬೆರಳಲ್ಲಿ ಉಂಗುರ ಮಾಡಿ ತೋರಿಸ್ಬೇಕು."

"ಮೊದಲೇ ಹೇಳೋಕೇನು ಧಾಡಿ?"

"ಮೊನ್ನೆ ಹೇಳಿದ್ದೆ. ನೀವು ನನ್ನ ಸೂಟಿನ ಹೊಲಿಗೆ ನೋಡ್ತಾ ಕೂತಿದ್ರಿ."

ಅಂಗಡಿಯ ರೂಢಿಯಂತೆ ಬೇಸಿಗೆಯಲ್ಲಿ ಅವಳನ್ನು ಸಮುದ್ರಕ್ಕೆ ಕರೆದುಕೊಂಡು ಹೋದರು. ಬಿಸಿಲು ಸುಡುತ್ತಿತ್ತು, ಮೇಲಿನಿಂದ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಲಾಂಚಿದ್ದ ಜಾಗದಲ್ಲಿ ತೇಲುತ್ತಿದ್ದ ಪೀಪಾಯಿಯಿಂದ ಒಂದು ಹಗ್ಗ ತಳಕ್ಕೆ ಇಳಿದಿತ್ತು. ಅದನ್ನು ಹಿಡಿದು ಅತ್ತೆ ಸೊಸೆ ಇಳಿದರು.

ಒಂದಾಳುದ್ದ ಇಳಿದದ್ದಷ್ಟೇ, ನೀಲಿಯೆಲ್ಲ ಹೋಗಿ ಸೊಪ್ಪು ಬೇಯಿಸಿದ ನೀರಿನಂಥ ಹಸಿರು ಆವರಿಸಿತು. ಸೂಜಿಯಮ್ಮ ಕೈ ಚಾಚಿದಳು, ಬೆರಳು ಕಾಣಲಿಲ್ಲ. ತೋಳು ಹಿಡಿದಿದ್ದ ಸೊಸೆಯ ಕೈ ಗೊತ್ತಾಗುತ್ತಿತ್ತು, ಮುಖ ಇರಲಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು? ಎದೆ ಡವಡವ ಹೊಡೆದುಕೊಂಡಿತು, ಉಸಿರು ಚಿಕ್ಕದಾಯಿತು, ಮಾಸ್ಕಿನೊಳಗೆ ನೀರು ನುಗ್ಗಿತು. ಈ ಸಲ ಹೆಬ್ಬೆರಳನ್ನು ಅರ್ಥ ತಿಳಿದೇ ಎತ್ತಿದಳು, ಎತ್ತಿ ಸೊಸೆಯ ಮಾಸ್ಕಿಗೇ ಒತ್ತಿದಳು.

ದೋಣಿಯಲ್ಲಿ ಮಗ ಅವಳಿಗೆ ಟವೆಲ್ಲು ಹೊದಿಸಿ, "ಸಾಕಮ್ಮ. ಆಸೆ ತೀರ್ತಲ್ಲ," ಅಂದ. ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾದ ಅಂತಃಕರಣವೇ ಇತ್ತು. ಅದೇ ಅವಳಿಗೆ ಹೆಚ್ಚು ಉರಿಯಿತು.

"ಏನು ತೀರ್ತು? ಏನೂ ಕಾಣಲೇ ಇಲ್ವಲ್ಲ!"

ಆ ಸಂಜೆ ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅತ್ತೆ ಒರೆಸಿಡುತ್ತಿದ್ದಳು. ತಟ್ಟೆಯೊಂದನ್ನು ಒರೆಸುತ್ತ ಅತ್ತೆಯೇ ಕೇಳಿದಳು. "ಆ ನೀರು ಯಾವಾಗಲೂ ಹಾಗೇನಾ?"

"ಇಲ್ಲ ಅತ್ತೆ. ನೀರಿಗೂ ಕಾಲ ಇದೆ. ಬೇಸಿಗೇಲಿ ಬಿಸಿಲು ಜಾಸ್ತಿ ನೋಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕೋಟಿಗಟ್ಟಲೆ ಹುಟ್ಟಿಬಿಡುತ್ತೆ, ಅದೇ ಆ ಹಸಿರು. ಮಳೆ ಹಿಡೀತು ಅಂದ್ರೆ ಹೊಳೆ ಮಣ್ಣು ಹೊತ್ಕೊಂಡು ಬರುತ್ತೆ, ಆಗ ನೀರು ಚಹಾ ಇದ್ದ ಹಾಗೆ. ಗಾಳಿ ಎದ್ರೆ ತಳದ ಕೆಸರೂ ಮೇಲೆ. ಚಳಿಗಾಲ ಬಂದ್ಮೇಲೆ ಪಾಚಿ ಸಾಯುತ್ತೆ, ಹೊಳೆ ಬಡವಾಗುತ್ತೆ. ಜೊತೆಗೆ ಗಾಳಿಯೂ ನಿಂತು ನಾಲ್ಕು ದಿನ ಸುಮ್ಮನಿದ್ರೆ, ನೀರು ಕನ್ನಡಿ ಆಗುತ್ತಂತೆ."

"ಆಗುತ್ತಂತೆ? ನೀನು ನೋಡಿಲ್ವಾ?"

"ಚಳಿಗಾಲದಲ್ಲಿ ಅಂಗಡಿ ಮುಚ್ಚಿರುತ್ತಲ್ಲ. ನಿಮ್ಮ ಮಗ ಮಷೀನು ಬಿಚ್ಚಿ ಹರಡ್ಕೊಂಡು ಕೂತಿರ್ತಾರೆ. ಯಾರು ಬರ್ತಾರೆ ಆ ಚಳೀಲಿ? ಜನಕ್ಕೆ ಬೆಚ್ಚಗಿರೋ ನೀರು ಬೇಕು."

"ಬೆಚ್ಚಗಿದ್ದಾಗ ಕಾಣಲ್ಲ, ಕಾಣುವಾಗ ಚಳಿ." ಸೂಜಿಯಮ್ಮ ತಟ್ಟೆ ಕೆಳಗಿಟ್ಟಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ನಮ್ಮಿಬ್ಬರಿಗೂ ಚಳಿಗಾಲವೇ ಇರ್ಲಿ ಕಣೇ. ಇಳಿಯೋಣ."

ಸೊಸೆ ಕೈ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಒಂದು ಮಾತು. ಅಲ್ಲಿವರೆಗೆ ಕಾಣದ ನೀರಲ್ಲೇ ಕಲೀಬೇಕು. ಕೊಳಕು ನೀರಿಗೆ ಹೆದರೋರನ್ನ ನಾನು ತಿಳಿ ನೀರಿಗೂ ಇಳಿಸಲ್ಲ. ಅತ್ತೆಯಾದ್ರೂ ಅಷ್ಟೇ."

"ಆಯ್ತು ಮೇಷ್ಟ್ರೇ," ಅಂದಳು ಸೂಜಿಯಮ್ಮ.

ಮಳೆಗಾಲ ಪೂರ್ತಿ ಅವರಿಬ್ಬರೂ ಜೆಟ್ಟಿಯ ಮೆಟ್ಟಿಲಿನ ಹತ್ತಿರ, ಸೊಂಟಕ್ಕಿಂತ ತುಸು ಹೆಚ್ಚು ಆಳದ ಕಂದು ನೀರಿನಲ್ಲಿ ಮುಳುಗಿ ಏಳುತ್ತಿದ್ದರು. ದಾರಿಹೋಕರು ನಿಂತು ನೋಡಿ, ಏನೋ ಬಿದ್ದುಹೋಗಿದೆಯೇನೋ, ಪಾಪ, ಹುಡುಕುತ್ತಿದ್ದಾರೆ ಅಂದುಕೊಂಡರು. ಮೊದಮೊದಲು ಸೂಜಿಯಮ್ಮನಿಗೆ ಅದೇ ಡವಡವ. ಒಂದು ದಿನ ಅವಳು ಕಣ್ಣನ್ನೇ ಮುಚ್ಚಿಬಿಟ್ಟಳು. ಕಾಣದಿದ್ದ ಮೇಲೆ ಬಿಟ್ಟುಕೊಂಡು ಏನು ಪ್ರಯೋಜನ? ಕಣ್ಣು ಮುಚ್ಚಿದ ಕೂಡಲೇ ಕೈ ಎಚ್ಚರವಾಯಿತು. ಇದು ಕಲ್ಲು, ಇದು ಹಗ್ಗ, ಇದು ಹಗ್ಗದ ಗಂಟು. ರಬ್ಬರಿನ ಒಳಮೈಯಲ್ಲಿ ಕಾಣದ ಸೂಜಿಯನ್ನು ಬೆರಳಿನಿಂದಲೇ ನಡೆಸುವುದಕ್ಕಿಂತ ಇದೇನು ಬೇರೆ? ಉಸಿರನ್ನೂ ಅವಳು ತನ್ನ ಮಷೀನಿನ ತಾಳಕ್ಕೆ ಕೂರಿಸಿದಳು, ದಪ್ಪ ಬಟ್ಟೆ ಹೊಲಿಯುವಾಗಿನ ನಿಧಾನದ ತಾಳ. ಗಾಬರಿಯಾದಾಗ ಮಾಡಬೇಕಾದ್ದನ್ನು ಸೊಸೆ ಮೂರು ಮಾತಲ್ಲಿ ಕಲಿಸಿದ್ದಳು: ನಿಲ್ಲು, ಉಸಿರಾಡು, ಏನನ್ನಾದರೂ ಹಿಡಿ. ಅತ್ತೆ ಅದನ್ನು ತರಕಾರಿ ಹೆಚ್ಚುವಾಗಲೂ ಗುನುಗುತ್ತಿದ್ದಳು.

ಜೊತೆಗೆ ಚಳಿಗಾಲಕ್ಕೆಂದು ದಪ್ಪ ರಬ್ಬರ್ ತರಿಸಿ ತನಗೊಂದು, ಸೊಸೆಗೊಂದು ಸೂಟು ಹೊಲಿದಳು. ಕುತ್ತಿಗೆ, ಮಣಿಕಟ್ಟು ಎಷ್ಟು ಬಿಗಿಯೆಂದರೆ, ತೊಟ್ಟು ನೋಡಿದ ಸೊಸೆ, "ನೀರಲ್ಲ ಅತ್ತೆ, ಗಾಳಿ ಸುದ್ದಿಯೂ ಒಳಗೆ ಬರಲ್ಲ," ಅಂದಳು.

ಚಳಿ ಶುರುವಾಯಿತು. ಜೆಟ್ಟಿಯ ತುದಿಯಲ್ಲಿ ಸೂಜಿಯಮ್ಮ ದಿನಾ ಬೆಳಿಗ್ಗೆ ಒಂದು ಬಿಳಿ ಪಿಂಗಾಣಿ ತಟ್ಟೆಗೆ ಕಲ್ಲು ಕಟ್ಟಿ, ಹಗ್ಗದಲ್ಲಿ ನೀರಿಗೆ ಇಳಿಬಿಡುತ್ತಿದ್ದಳು. ತಟ್ಟೆ ಮರೆಯಾಗುವವರೆಗೆ ಹಗ್ಗ ಬಿಡುವುದು, ಎಷ್ಟು ಗಂಟು ಇಳಿಯಿತು ಅಂತ ನೋಡುವುದು. ಮಳೆಗಾಲದಲ್ಲಿ ಮುಳುಗಿದ ತಕ್ಷಣ ಮಾಯವಾಗುತ್ತಿದ್ದ ತಟ್ಟೆ ಈಗ ದಿನದಿಂದ ದಿನಕ್ಕೆ ಕೆಳಗೆ ಕೆಳಗೆ ಹೋಗಿ ಮರೆಯಾಗುತ್ತಿತ್ತು. ನಡುವೆ ಒಂದು ವಾರ ಗಾಳಿ ಎದ್ದು ಎಲ್ಲ ಕಲಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ಅವಳು ಗಾಳಿಗೆ ಬೈದಳು, ಗಾಳಿ ಕೇಳಲಿಲ್ಲ. ಆಮೇಲೆ ತಾನೇ ನಿಂತಿತು.

ಅದಾಗಿ ಕೆಲವು ದಿನ ಕಳೆದಿರಬಹುದು. ಬೆಳಿಗ್ಗೆ ಸೂಜಿಯಮ್ಮ ಜೆಟ್ಟಿಯಿಂದ ಓಡಿಕೊಂಡೇ ಬಂದಳು.

"ಹಗ್ಗ ಮುಗೀತು ಕಣ್ರೋ! ತಟ್ಟೆ ತಳಕ್ಕೆ ಹೋಗಿ ಕೂತಿದೆ, ಇನ್ನೂ ಕಾಣ್ತಾ ಇದೆ!"

ಸೊಸೆ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದಳು. ಮಗ ಅವಳಿಗಿಂತ ಮೊದಲೇ ಎದ್ದಿದ್ದ. "ನಾನೂ ಬರ್ತೀನಿ. ಅಮ್ಮನ್ನ ನಿನ್ನೊಬ್ಬಳ ಮೇಲೆ ಬಿಟ್ಟು ದೋಣೀಲಿ ಕೂರೋಕಾಗಲ್ಲ."

"ನೀವು ಇಳಿದು ಎರಡು ವರ್ಷವಾಯ್ತು," ಅಂದಳು ಹೆಂಡತಿ.

"ಈಜು ಮರೆಯುತ್ತಾ ಯಾರಿಗಾದ್ರೂ?"

ಅವಳು ಗಂಡನ ಮುಖ ನೋಡಿದಳು. ಬೇಡ ಅಂದರೂ ಬಿಡುವ ಜಾತಿಯಲ್ಲ. "ಸರಿ, ಆದ್ರೆ ನನ್ನ ಮಾತು ಕೇಳ್ಬೇಕು," ಅಂದಳು. ದೋಣಿ ನೋಡಿಕೊಳ್ಳಲು ಪುಸ್ತಕದಂಗಡಿಯವರಿಗೆ ಫೋನು ಹೋಯಿತು. ಅವರು ಅಂಗಡಿಗೆ ಬೀಗ ಹಾಕಿ ಟೋಪಿಯನ್ನು ತಿರುವುಮುರುವು ಹಾಕಿಕೊಂಡೇ ಬಂದರು.

ಸಮುದ್ರ ಎಣ್ಣೆ ಸವರಿದ ಹಾಗೆ ನಯವಾಗಿತ್ತು. ದೋಣಿಯ ಅಂಚಿನಲ್ಲಿ ಕೂತು ಸೂಜಿಯಮ್ಮ ಒಂದು ಕ್ಷಣ ತಡೆದಳು. ಚಳಿ ಮೂಗಿನ ತುದಿ ಕಚ್ಚುತ್ತಿತ್ತು.

"ತಣ್ಣಗಿದೆ ಅತ್ತೆ, ರೆಡೀನಾ?"

"ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು," ಅಂದು ಅವಳು ಹಿಂದಕ್ಕೆ ಉರುಳಿದಳು.

ಮುಖಕ್ಕೆ ಚಳಿ ಸೂಜಿಯಂತೆ ಚುಚ್ಚಿತು. ಉಸಿರು ಸಿಕ್ಕಿಕೊಂಡಿತು, ಆಮೇಲೆ ಬಿಟ್ಟಿತು. ಅವಳು ಕಣ್ಣು ತೆರೆದು ಕೆಳಗೆ ನೋಡಿದಳು. ನೋಡಿ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಎತ್ತರದ ಮಾಳಿಗೆಯ ಅಂಚಿನಲ್ಲಿ ನಿಂತವರು ಕಂಬ ಹಿಡಿಯುವ ಹಾಗೆ. ಅಷ್ಟು ಕೆಳಗೆ, ಅಷ್ಟು ಸ್ಪಷ್ಟವಾಗಿ, ಲಾಂಚು ಕೂತಿತ್ತು. ಮುಂಭಾಗ, ಜನ ನಿಲ್ಲುತ್ತಿದ್ದ ಮೇಲಟ್ಟ, ಚಾಲಕನ ಗೂಡು, ಕಂಬಿ, ಹಿಂಭಾಗ. ಒಂದೇ ನೋಟಕ್ಕೆ ಪೂರ್ತಿ.

ಸೊಸೆಯ ಕಡೆ ತಿರುಗಿದಳು. ಸೊಸೆ ಅವಳನ್ನು ನೋಡುತ್ತಿರಲಿಲ್ಲ, ತಾನೂ ಬಾಯಿ ಬಿಟ್ಟ ಹಾಗೆ ಕೆಳಗೇ ನೋಡುತ್ತಿದ್ದಳು. ಎಷ್ಟೋ ಸಲ ಇಳಿದಿದ್ದ ಜಾಗ, ಅವಳಿಗೂ ಇವತ್ತೇ ಮೊದಲ ದರ್ಶನ.

ಇಳಿಯುತ್ತ ಹೋದರು. ತಿಳಿ ನೀರಲ್ಲಿ ಎಲ್ಲ ಹತ್ತಿರ ಕಾಣುತ್ತೆ, ಮೋಸ ಹೋಗಬೇಡಿ ಅಂತ ಸೊಸೆ ಮೊದಲೇ ಹೇಳಿದ್ದಳು. ಅತ್ತೆ ಎರಡು ಸಲ ಕಂಬಿ ಸಿಕ್ಕಿತೆಂದು ಕೈ ಚಾಚಿ ಬರೀ ನೀರು ಹಿಡಿದಳು. ಮೂರನೇ ಸಲ ಕಂಬಿ ಸಿಕ್ಕಿತು. ಬೆಳ್ಳಿ ಬಣ್ಣದ ಸಣ್ಣ ಮೀನುಗಳ ಹಿಂಡು ಪ್ರಯಾಣಿಕರು ಕೂರುವ ಬೆಂಚುಗಳ ನಡುವಿನಿಂದ ಹಾದು ಹೋಯಿತು.

ಎಡವಟ್ಟಾದದ್ದು ಆಗ. ಮಗನ ಮಾಸ್ಕಿಗೆ ನೀರು ಬಂತು. ಎರಡು ವರ್ಷ ಬಿಟ್ಟ ಅಭ್ಯಾಸ. ಊದಿ ಹೊರಹಾಕುವ ಬದಲು ಅವನು ತಲೆ ಕೊಡವಿದ, ಮೈ ಓರೆಯಾಯಿತು, ಕಾಲು ಬಡಿದ. ಕಾಲಿನ ರಬ್ಬರ್ ರೆಕ್ಕೆ ಲಾಂಚಿನ ಅಟ್ಟಕ್ಕೆ ಬಡಿದದ್ದೇ ತಡ, ವರ್ಷಗಟ್ಟಲೆ ಅಲ್ಲಿ ಕೂತಿದ್ದ ನುಣ್ಣನೆ ಕೆಸರು ಹಿಟ್ಟಿನ ಚೀಲ ಒಡೆದಂತೆ ಮೇಲೆದ್ದಿತು. ಕಣ್ಣು ಮಿಟುಕಿಸುವುದರೊಳಗೆ ಲಾಂಚಿಲ್ಲ, ಸೊಸೆಯಿಲ್ಲ, ಮಗನಿಲ್ಲ. ಎಲ್ಲ ಬೂದು.

ಬೇಸಿಗೆಯ ಆ ಡವಡವ ಸೂಜಿಯಮ್ಮನ ಎದೆಗೆ ಬಂದು ಬಾಗಿಲು ತಟ್ಟಿತು. ಅವಳು ತೆರೆಯಲಿಲ್ಲ. ನಿಲ್ಲು. ಉಸಿರಾಡು. ಹಿಡಿ. ಕಂಬಿ ಕೈಯಲ್ಲೇ ಇತ್ತು. ಕಣ್ಣು ಮುಚ್ಚಿ ಉಸಿರನ್ನು ತಾಳಕ್ಕೆ ತಂದಳು.

ಅಷ್ಟರಲ್ಲಿ ಅವಳ ಹೆಗಲಿಗೆ ಏನೋ ಬಡಿಯಿತು. ಕಾಲು. ರೆಕ್ಕೆ ಕಟ್ಟಿದ ಕಾಲು ಜೋರಾಗಿ ಬಡಿಯುತ್ತ ಮೇಲಕ್ಕೆ ಹೋಗುತ್ತಿತ್ತು. ಸೊಸೆ ಹಾಗೆಂದೂ ಕಾಲು ಬಡಿಯುವವಳಲ್ಲ. ಇದು ಮಗನೇ, ಗಾಬರಿಯಲ್ಲಿ ನೆಟ್ಟಗೆ ಮೇಲಕ್ಕೆ ಓಡುತ್ತಿದ್ದಾನೆ. ಅಷ್ಟು ಆಳದಿಂದ ಉಸಿರು ಕಟ್ಟಿ ಒಮ್ಮೆಗೇ ಮೇಲೆ ಹೋದರೆ ಎದೆಯೊಳಗಿನ ಗಾಳಿ ಹಿಗ್ಗಿ ಪ್ರಾಣಕ್ಕೇ ಅಪಾಯ. ಅದು ಅವಳು ಕಲಿತ ಮೊದಲನೇ ಪಾಠ. ಒಂದು ಕೈ ಕಂಬಿಯಲ್ಲಿ, ಇನ್ನೊಂದರಲ್ಲಿ ಅವನ ಕಣಕಾಲು ಸಿಕ್ಕಿತು. ಬಿಡಲಿಲ್ಲ. ಎಳೆದಳು. ಮಂಡಿ, ಸೊಂಟದ ಪಟ್ಟಿ, ತೋಳು, ಒಂದೊಂದಾಗಿ ಕೈ ಬದಲಿಸಿ ಅವನನ್ನು ತನ್ನ ಮಟ್ಟಕ್ಕೆ ಇಳಿಸಿದಳು. ಅವನ ಅಂಗೈಯನ್ನು ಕಂಬಿಗೆ ಒತ್ತಿ, ಬೆರಳುಗಳನ್ನು ಮಡಿಸಿ ಹಿಡಿಸಿದಳು. ಆಮೇಲೆ ತನ್ನ ಕೈಯನ್ನು ಅವನ ಎದೆಯ ಮೇಲಿಟ್ಟು ಒತ್ತಿದಳು, ಬಿಟ್ಟಳು, ಒತ್ತಿದಳು, ಬಿಟ್ಟಳು. ಹೀಗೆ ಕಣೋ. ಹೀಗೆ. ನಿಧಾನ.

ಸ್ವಲ್ಪ ಹೊತ್ತಿಗೆ ಅವನ ಎದೆ ಅವಳ ಕೈಯ ತಾಳಕ್ಕೆ ಏಳತೊಡಗಿತು. ಮಾಸ್ಕಿನಿಂದ ನೀರನ್ನು ಊದಿ ತೆಗೆದದ್ದು ಗುಳ್ಳೆಗಳ ಸದ್ದಿನಲ್ಲಿ ಗೊತ್ತಾಯಿತು. ಕಂಬಿ ಸವರಿಕೊಂಡು ಇನ್ನೊಂದು ಕೈ ಬಂತು, ಸಣ್ಣ ಗಟ್ಟಿ ಕೈ. ಸೊಸೆ ಅತ್ತೆಯ ಮಣಿಕಟ್ಟು ಮುಟ್ಟಿದಳು, ಗಂಡನ ತೋಳು ಮುಟ್ಟಿದಳು, ಇಬ್ಬರನ್ನೂ ಹಿಡಿದು ಅಲ್ಲೇ ನಿಂತಳು.

ಮೂವರೂ ಕಾದರು. ಮೆಲ್ಲನೆಯ ಒಂದು ಹರಿವು ಕೆಸರಿನ ಮೋಡವನ್ನು ಒಂದು ಬದಿಗೆ ತಳ್ಳಿಕೊಂಡು ಹೋಯಿತು. ಮೊದಲು ಕಂಬಿ ಕಂಡಿತು, ಆಮೇಲೆ ಬೆಂಚು, ಆಮೇಲೆ ಬಿಸಿಲಿನ ಕೋಲುಗಳು ಓರೆಯಾಗಿ ಇಳಿದು ಅಟ್ಟದ ಮೇಲೆ ನಿಂತವು. ಮಗನ ಕಣ್ಣು ಮಾಸ್ಕಿನೊಳಗೆ ಅಗಲವಾಗಿತ್ತು. ಸೊಸೆ ಅವನನ್ನೇ ನೋಡುತ್ತ, ಮೇಲೆ ಹೋಗೋಣವಾ ಅಂತ ಹೆಬ್ಬೆರಳು ತೋರಿಸಿದಳು. ಅವನು ಎರಡು ದೀರ್ಘ ಉಸಿರು ತೆಗೆದುಕೊಂಡು ತಲೆಯಾಡಿಸಿದ: ಬೇಡ. ಬೆರಳಲ್ಲಿ ಉಂಗುರ ಮಾಡಿ ಹೆಂಡತಿಗೆ ತೋರಿಸಿದ. ತಾಯಿಯ ಕಡೆ ತಿರುಗಿ, ಅವಳಿಗೆ ಎರಡೂ ಕೈಯಲ್ಲಿ ತೋರಿಸಿದ.

ಲಾಂಚಿನ ಸುತ್ತ ಒಂದು ಪೂರ್ತಿ ಸುತ್ತು ಬಂದರು, ಕೆಸರು ಏಳದಂತೆ, ಮೂವರೂ ಕೈ ಕೈ ಹಿಡಿದು. ಸೂಜಿಯಮ್ಮ ನಡುವೆ.

ಮೇಲೆ ಬಂದು ದೋಣಿ ಹತ್ತಿದ ಮಗ ಮಾಸ್ಕು ತೆಗೆದವನೇ, "ನಮ್ಮಮ್ಮ ನನ್ನ ಕಾಲು ಹಿಡಿದ್ಲು!" ಅಂತ ಕೂಗಿದ. ತಾನೇ ಬಹುಮಾನ ಗೆದ್ದವನಂತೆ ಮುಖ ಅರಳಿತ್ತು.

ಪುಸ್ತಕದಂಗಡಿಯವರು ಗಾಬರಿಯಾದರು. "ಅಯ್ಯೋ, ಸೂಜಿಯಮ್ಮ ಯಾಕೆ ನಿನ್ನ ಕಾಲು ಹಿಡೀಬೇಕು?"

"ಬೇಡ್ಕೊಳ್ಳೋಕಲ್ಲ ಸಾರ್, ಉಳಿಸೋಕೆ! ಕೆಸರೆಬ್ಬಿಸಿದವನು ನಾನು, ದಿಕ್ಕೆಟ್ಟು ಓಡಿದವನೂ ನಾನು. ಏನೂ ಕಾಣದೇ ಇರೋವಾಗ ಹಿಡಿದು ಕೆಳಗೆ ತಂದ್ಲು ನೋಡಿ!" ಅವನು ಒದ್ದೆ ಕೈಯಲ್ಲೇ ತಾಯಿಯನ್ನು ತಬ್ಬಿಕೊಂಡ. ಸಿಲಿಂಡರು ಅಡ್ಡ ಬಂತು, ಆದರೂ ಬಿಡಲಿಲ್ಲ. "ನಿನ್ನ ಕಾಯೋಕೆ ಅಂತ ಬಂದೆ ಅಮ್ಮ."

"ಕಾದೆಯಲ್ಲ. ನಾನು ಕೈ ಬಿಡೋವರೆಗೂ ಕಾದೆ."

ಸೊಸೆ ನಕ್ಕು ನಕ್ಕು ದೋಣಿಯ ಅಂಚಿಗೆ ಒರಗಿದಳು. ನಗು ನಿಂತ ಮೇಲೆ ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಹತ್ತಿರ ಕಲಿತವರಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾಡಿಲ್ಲ ಅತ್ತೆ. ನಾನೂ ಇನ್ನೇನು ಹೆಚ್ಚಿಗೆ ಮಾಡ್ತಿದ್ದೆ?"

ಸೂಜಿಯಮ್ಮನಿಗೆ ಹೊಗಳಿಕೆ ಕೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ. ತುಟಿ ನೀಲಿಗಟ್ಟಿತ್ತು, ಮೈ ನಡುಗುತ್ತಿತ್ತು, ಎದೆಯೊಳಗೆ ಮಾತ್ರ ಒಲೆ ಹಚ್ಚಿದ ಹಾಗಿತ್ತು. ಪುಸ್ತಕದಂಗಡಿಯವರು ಫ್ಲಾಸ್ಕಿನಿಂದ ಬಿಸಿ ಚಹಾ ಸುರಿದು ಅವಳ ಕೈಗೆ ಕೊಟ್ಟು, ಮೆಲ್ಲಗೆ ಕೇಳಿದರು. "ಪೂರ್ತಿ ಕಂಡಿತಾ?"

"ಪೂರ್ತಿ. ಬಣ್ಣ ಹೋಗಿದೆ, ಅಂದ ಹೋಗಿಲ್ಲ." ಅವಳು ಅವರ ಮುಖ ನೋಡಿದಳು. ಪಾಪ, ಬಾಯಲ್ಲಿ ನೀರೂರಿದ ಮುಖ. "ನಿಮ್ಮ ಸೂಟು ತಂದಿದೀರಾ?"

"ದೋಣಿ ನೋಡ್ಕೊಳ್ಳಿ ಅಂತಷ್ಟೇ ಕರೆದಿದ್ರಿ... ಆದ್ರೂ ಇರ್ಲಿ ಅಂತ ತಂದಿದೀನಿ."

"ಹಾಗಾದ್ರೆ ಕೂರೋದ್ಯಾಕೆ? ನಾಳೆ ಗಾಳಿ ಎದ್ರೆ ಮುಗೀತು, ಮತ್ತೆ ಯಾವ ವರ್ಷವೋ ಏನೋ."

"ಅಷ್ಟು ಆಳ ಇಳಿದ ಮೈ ಸುಧಾರಿಸ್ಕೋಬೇಕು ಅತ್ತೆ, ಮಧ್ಯಾಹ್ನದವರೆಗೆ ತಡೀರಿ," ಅಂದಳು ಸೊಸೆ.

ತಡೆದರು. ದಡಕ್ಕೆ ಬಂದು ಬಿಸಿ ಬಿಸಿ ಊಟ ಮಾಡಿ, ಕಾಲು ಚಾಚಿ ಬಿಸಿಲು ಕಾಯಿಸಿದರು. ಮಗ ಶೆಡ್ಡಿಗೆ ಹೋಗಿ ಅರ್ಧ ಬಿಚ್ಚಿಟ್ಟಿದ್ದ ಕಂಪ್ರೆಸರನ್ನು ಮತ್ತೆ ಜೋಡಿಸಿ ಹೊಸದಾಗಿ ಗಾಳಿ ತುಂಬಿದ. ಮಧ್ಯಾಹ್ನ ದೋಣಿ ನೋಡಿಕೊಳ್ಳಲು ತಾನೇ ಕೂತ, ಯಾರೂ ಹೇಳುವ ಮೊದಲೇ.

ಹಗ್ಗ ಹಿಡಿದು ಈ ಸಲ ಮುಂದೆ ಇಳಿದವಳು ಸೂಜಿಯಮ್ಮ, ನಡುವೆ ಪುಸ್ತಕದಂಗಡಿಯವರು, ಹಿಂದೆ ಸೊಸೆ. ಅರ್ಧ ದಾರಿಯಲ್ಲಿ ಅವಳು ನಿಂತು, ಪುಸ್ತಕದಂಗಡಿಯವರ ತೋಳು ತಟ್ಟಿ ಕೆಳಗೆ ಕೈ ತೋರಿಸಿದಳು. ಓರೆ ಬಿಸಿಲಿನಲ್ಲಿ ಲಾಂಚು ಈ ತುದಿಯಿಂದ ಆ ತುದಿವರೆಗೆ ಹೊಂಬಣ್ಣಕ್ಕೆ ತಿರುಗಿತ್ತು. ಅವರು ಅಲ್ಲೇ ತೇಲುತ್ತ ನಿಂತುಬಿಟ್ಟರು. ಆಮೇಲೆ ನೀರಿನೊಳಗೇ, ಎರಡೂ ಕೈ ಎತ್ತಿ ಅವಳಿಗೆ ಮುಗಿದರು.

ಸೂಜಿಯಮ್ಮ ಅವರ ಕೈಯನ್ನು ತಳ್ಳಿ, ಬನ್ನಿ ಬನ್ನಿ ಅಂತ ಸನ್ನೆ ಮಾಡಿದಳು. ನೋಡುವುದು ಇನ್ನೂ ಬೇಕಾದಷ್ಟಿತ್ತು. ಚಾಲಕನ ಗೂಡಿನ ಆಚೆ ಬದಿಯಲ್ಲಿ ದೊಡ್ಡದೊಂದು ಮೀನು ತನ್ನ ಮನೆಯ ಹೊಸ್ತಿಲಲ್ಲಿ ಕೂತ ಯಜಮಾನನಂತೆ ನಿಂತು ಇವರನ್ನೇ ನೋಡುತ್ತಿತ್ತು. ಅವಳು ಕಾಲನ್ನು ಮೆಲ್ಲಗೆ, ಅಟ್ಟಕ್ಕೆ ತಾಗದಂತೆ ಆಡಿಸುತ್ತ, ಅದರ ಕಡೆಗೆ ನೆಟ್ಟಗೆ ಈಜಿಕೊಂಡು ಹೋದಳು.